ಯಾರಿಗಾಗಿ ಈ ಅರಿವು?

ತಂದೆಯ ದೊಡ್ಡ ಕರುಳಿನಲ್ಲಿ ನೂರಾರು ಪಾಲಿಪ್‌ಗಳು, ಅಂದರೆ ಸಣ್ಣ ಗಂಟುಗಳು. ಎಫ್‌ಎಪಿ ಎಂಬ ಈ ಕಾಯಿಲೆಗೆ ಎಪಿಸಿ ವಂಶವಾಹಿಯ ದೋಷವೇ ಕಾರಣವೆಂದು 1991ರಲ್ಲಿ ತಿಳಿಯಿತು. ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಚಿಕಿತ್ಸೆಯಿಲ್ಲದಿದ್ದರೆ ನಡುವಯಸ್ಸಿನೊಳಗೆ ಕ್ಯಾನ್ಸರ್ ಬಹುತೇಕ ಖಚಿತ. ಹಾಗಾದರೆ ನಾಲ್ಕು ವರ್ಷದ ಮಗಳ ರಕ್ತವನ್ನು ಇಂದೇ ಪರೀಕ್ಷಿಸಬೇಕೆ?

ಹೌದು ಎನ್ನುತ್ತದೆ ನಮ್ಮ ಆತಂಕ. ಆದರೆ ಈ ಗಂಟುಗಳು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಹದಿಹರೆಯದಲ್ಲಿ. ರಕ್ತಸ್ರಾವದಂತಹ ಲಕ್ಷಣಗಳಿಲ್ಲದಿದ್ದರೆ 10-12 ವರ್ಷದವರೆಗೆ ಕಾಯಬಹುದೆನ್ನುತ್ತಾರೆ ತಜ್ಞರು. ಅದಕ್ಕೂ ಮೊದಲೇ ತಿಳಿದರೆ ಕರುಳಿಗೆ ಮಾಡಬೇಕಾದ ಚಿಕಿತ್ಸೆಯೇನೂ ಇರುವುದಿಲ್ಲ. ಆಡುವ ಮಗುವನ್ನು ನಾವು ರೋಗಿಯಂತೆ ನೋಡತೊಡಗುತ್ತೇವೆ, ಅಷ್ಟೆ.

ಪ್ಯೂಟ್ಸ್-ಜೆಗರ್ಸ್ ಕಾಯಿಲೆಯ ಮಾತು ಬೇರೆ. ತುಟಿಗಳ ಮೇಲೆ ಕಪ್ಪು ಚುಕ್ಕೆಗಳಿರುವ ಇಂತಹ ಮಗುವಿನ ಸಣ್ಣ ಕರುಳು ಪಾಲಿಪ್‌ನಿಂದಾಗಿ ಒಂದರೊಳಗೊಂದು ಸೇರಿಕೊಂಡು ಕಟ್ಟಿಕೊಳ್ಳಬಹುದು. ಎಂಟನೇ ವಯಸ್ಸಿಗೇ ತಪಾಸಣೆ ಬೇಕು. ಹೊಟ್ಟೆನೋವಿದ್ದರೆ ಇನ್ನೂ ಮೊದಲೇ.

ಮಕ್ಕಳು ನಮ್ಮ ಸೊತ್ತಲ್ಲ, ನಮಗೆ ಒಪ್ಪಿಸಲಾದ ಹೊಣೆ. ಪರೀಕ್ಷೆಯಿಂದ ಮಗುವಿಗೆ ಉಪಕಾರವಾಗುವುದಾದರೆ ತಡ ಮಾಡಬಾರದು. ನಮ್ಮ ಕಳವಳ ತಣಿಸಲಷ್ಟೇ ಆದರೆ ಕಾಯೋಣ. ಆಗ ಮಗಳೂ ಜೊತೆಯಲ್ಲಿ ಕುಳಿತು ತನ್ನ ಮಾತು ಹೇಳಬಲ್ಲಳು. ಆದರೆ ಕಾಯುವುದೆಂದರೆ ಮರೆಯುವುದಲ್ಲ. ಮುಂದೆ ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಡುವುದಂತೂ ಅಲ್ಲವೇ ಅಲ್ಲ.