ವಾರಸುದಾರರಿಲ್ಲದ ಹಡಗು

ಒಡೆಯನಿಲ್ಲದ ವಸ್ತುವನ್ನು ಎತ್ತಿಕೊಂಡವನು ಕಳ್ಳನೆನಿಸುವನೇ? ಅಚೌರ್ಯವನ್ನು ಕುರಿತು ವಿಚಾರಮಾಡುವಾಗಲೆಲ್ಲ ತಲೆಯೆತ್ತುವ ಈ ಪ್ರಶ್ನೆಗೆ ಕೆಂಪು ಸಮುದ್ರದ ತಳದಲ್ಲೊಂದು ನಿದರ್ಶನ ಬಿದ್ದಿದೆ.

ಥಿಸಲ್‌ಗಾರ್ಮ್ ಎಂಬುದು 1940ರಲ್ಲಿ ಇಂಗ್ಲೆಂಡಿನ ಸಂಡರ್‌ಲ್ಯಾಂಡಿನಲ್ಲಿ ನಿರ್ಮಿತವಾದ ಸರಕು ಹಡಗು. ಈಜಿಪ್ಟಿನಲ್ಲಿದ್ದ ಬ್ರಿಟಿಷ್ ಸೇನೆಗಾಗಿ ಟ್ರಕ್ಕು, ಮೋಟಾರ್ ಸೈಕಲ್, ಬಂದೂಕು, ಮದ್ದುಗುಂಡು, ರಬ್ಬರ್ ಬೂಟುಗಳನ್ನೂ, ಜೊತೆಗೆ ಎರಡು ರೈಲ್ವೆ ಎಂಜಿನುಗಳನ್ನೂ ಹೇರಿಕೊಂಡು, ಆಫ್ರಿಕವನ್ನು ಸುತ್ತಿ ಬಂದು, ಸೂಯೆಜ್ ಕಾಲುವೆಯ ದಾರಿ ತೆರವಾಗಲೆಂದು ಲಂಗರು ಹಾಕಿ ಕಾದಿತ್ತು. 1941ರ ಅಕ್ಟೋಬರ್ 6ರ ರಾತ್ರಿ ಜರ್ಮನ್ ವಿಮಾನದ ಬಾಂಬು ಬಿದ್ದು, ಒಡಲಿನ ಮದ್ದುಗುಂಡು ಸಿಡಿದು ಮುಳುಗಿತು. ಒಂಬತ್ತು ಮಂದಿ ಮಡಿದರು. ಆಂಗಸ್ ಮೆಕ್ಲೇ ಎಂಬ ನಾವಿಕನು ಕಾದ ಡೆಕ್ಕಿನ ಮೇಲೆ ಬರಿಗಾಲಲ್ಲಿ ನುಗ್ಗಿ ಗಾಯಾಳುವೊಬ್ಬನನ್ನು ಹೊತ್ತು ತಂದನು. ಅದಕ್ಕಾಗಿ ಅವನಿಗೆ ಜಾರ್ಜ್ ಪದಕ ದೊರೆಯಿತು.

ಅನಂತರ ಆ ಹಡಗಿನಿಂದ ಹೊರಬಂದವುಗಳ ಕಥೆ ಬೇರೆ. 1950ರ ದಶಕದಲ್ಲಿ ಫ್ರೆಂಚ್ ಸಾಗರಾನ್ವೇಷಕ ಜಾಕ್ ಕೂಸ್ಟೋ ಅವರ ತಂಡ ಇದನ್ನು ಕಂಡು, ಒಂದು ಮೋಟಾರ್ ಸೈಕಲನ್ನೂ ಹಡಗಿನ ಗಂಟೆಯನ್ನೂ ಕಪ್ತಾನನ ತಿಜೋರಿಯನ್ನೂ ಮೇಲೆತ್ತಿತು. 1990ರ ದಶಕದಿಂದೀಚೆಗೆ ಇದು ಸ್ಕೂಬಾ ಸಾಧನ ತೊಟ್ಟು ಮುಳುಗುವವರ ಜಗತ್ಪ್ರಸಿದ್ಧ ತಾಣ. ಆಳ ಸುಮಾರು 30 ಮೀಟರ್. ಬಂದವರಲ್ಲಿ ಅನೇಕರು ನೆನಪಿಗೆಂದು ವಾಹನಗಳ ಬಿಡಿಭಾಗಗಳನ್ನು ಕಿತ್ತೊಯ್ದರು.

'ಹೇಗೂ ಉಪ್ಪುನೀರು ತಿಂದುಹಾಕುವ ವಸ್ತುವಲ್ಲವೇ?' ಎಂಬುದು ಅವರ ಸಮಾಧಾನ. ಈ ವಾದ ದುರ್ಬಲವಾದುದು. ನಶಿಸುವುದೆಲ್ಲ ಕೀಳತಕ್ಕದ್ದೆಂದರೆ ಲೋಕದಲ್ಲಿ ಕೀಳಬಾರದ್ದೇ ಉಳಿಯದು. ಕೊಡುವವನಿಲ್ಲದಾಗ 'ಕೊಡದುದನ್ನು ತೆಗೆದುಕೊಂಡ' ದೋಷವೂ ಇಲ್ಲವೆಂದು ಭಾವಿಸುವುದು ಸುಲಭ. ಆದರೆ ಕೊಡುವವನಿಲ್ಲವೆಂದರೆ ಅನುಮತಿಯೂ ಇಲ್ಲವೆಂದೇ ಅರ್ಥ. ಮೇಲಾಗಿ ನಾಳೆ ಅಲ್ಲಿಗೆ ಇಳಿಯುವವನ ಪಾಲೂ ಅದರಲ್ಲಿದೆ; ಅವನು ಇನ್ನೂ ಬಂದಿಲ್ಲವಾದ್ದರಿಂದ ಆಕ್ಷೇಪಿಸಲಾರ, ಅಷ್ಟೆ. ಕೂಸ್ಟೋ ಅವರಿಗೂ ಈ ಮಾತು ಅನ್ವಯಿಸುವುದೆಂದೇ ನನ್ನ ಅಭಿಪ್ರಾಯ. ತಮ್ಮ ಹಿಂದೆ ಇಷ್ಟು ಜನ ಬರುವರೆಂದು ಆಗ ಅವರು ಊಹಿಸಿರಲಾರರು ಎಂಬಷ್ಟು ರಿಯಾಯಿತಿ ಮಾತ್ರ ಸಲ್ಲುತ್ತದೆ.

ಏನನ್ನೂ ಮುಟ್ಟದೆ ನೋಡಿ ಬರುವವನ ವಿಷಯವೇ ನಿಜವಾಗಿ ಕಠಿಣ. ಅವನನ್ನು ಕರೆತಂದ ದೋಣಿಯ ಹಗ್ಗವನ್ನು ಹಡಗಿನ ಅವಶೇಷಕ್ಕೇ ಬಿಗಿಯುತ್ತಾರೆ. ಅಲೆಯ ಸೆಳೆತಕ್ಕೆ ಕಬ್ಬಿಣ ಕಿತ್ತುಬರುತ್ತದೆ. ಅವನು ಬಿಟ್ಟ ಉಸಿರಿನ ಗುಳ್ಳೆಗಳು ಒಳಚಾವಣಿಯಡಿ ಸಿಕ್ಕಿಕೊಂಡು ತುಕ್ಕನ್ನು ಹೆಚ್ಚಿಸುತ್ತವೆ. ಅವನಲ್ಲಿ ಲೋಭವಿಲ್ಲ, ಹಿಂಸೆಯ ಸಂಕಲ್ಪವೂ ಇಲ್ಲ. ಪ್ರಮಾದವುಂಟೇ? ಉಸಿರು ಏನು ಮಾಡುವುದೆಂದು ಅರಿಯದವನಿಗೆ ಇಲ್ಲವೆನ್ನಬಹುದು. ಅರಿತೂ ಹಡಗಿನ ಒಳಕೋಣೆಗಳಲ್ಲಿ ಸುಳಿದಾಡುವವನಿಗೆ ಹಾಗೆನ್ನಲಾಗದು. ಹೋಗಲೇಬಾರದೆಂದು ವಿಧಿಸುವುದು ಅತಿರೇಕ. ಹೊರಗಿನಿಂದ ನೋಡಿ ತೃಪ್ತನಾಗುವುದು ಸಾಧ್ಯವಿದೆ. ಕೊಲ್ಲಲೆಂದು ಹೊರಟ ಸರಕಿನ ಮೇಲೆ ಈಗ ಹವಳ ಬೆಳೆದಿದೆ, ಮೀನುಗಳು ನೆಲೆಸಿವೆ. ಅವುಗಳ ಹಕ್ಕನ್ನೂ ಎಣಿಸಬೇಕಲ್ಲವೇ?

ಹಗ್ಗಗಳ ಹಾವಳಿ ತಪ್ಪಿಸಲೆಂದು 2007ರಲ್ಲಿ ಅಲ್ಲಿ ದೋಣಿ ಕಟ್ಟಲು ಬೇರೆ ತಾಣಗಳನ್ನು ಅಳವಡಿಸಲಾಯಿತು. ಅಂದಿನ ಸ್ಫೋಟಕ್ಕೆ ಹೊರಗೆಸೆಯಲ್ಪಟ್ಟ ಎರಡು ರೈಲ್ವೆ ಎಂಜಿನುಗಳು ಮಾತ್ರ ಹಡಗಿನ ಪಕ್ಕದ ಮರಳಿನಲ್ಲಿ ಹಾಗೆಯೇ ಬಿದ್ದಿವೆ. ಅವನ್ನು ಚೀಲದಲ್ಲಿ ಹಾಕಿಕೊಂಡು ಹೋಗುವಂತಿಲ್ಲ.