ಹತ್ತಿ ಹಾದುಹೋದ ಊರು

ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನೆಲ ಅದು. ಜಂಬಿಟ್ಟಿಗೆ ಕಲ್ಲಿನ ಗುಡ್ಡ, ಅದರ ಬುಡದಲ್ಲಿ ತೆಂಗು, ತೆಂಗಿನಾಚೆ ಗದ್ದೆ, ಗದ್ದೆಯಾಚೆ ಉಪ್ಪುನೀರು. ಅಲ್ಲಿಯ ಆಷಾಢದ ಮಳೆಗೆ ಹತ್ತಿಗಿಡ ತಡೆಯಲಾರದು. ಆದರೂ ಹತ್ತೊಂಬತ್ತನೆಯ ಶತಮಾನದ ಮುಂಬಯಿ, ಲಿವರ್‌ಪೂಲ್ ವ್ಯಾಪಾರಿಗಳ ಬಾಯಲ್ಲಿ ಕುಮಟಾ ಎಂದರೆ ಊರಲ್ಲ, ಒಂದು ಬಗೆಯ ಹತ್ತಿ. ಅದನ್ನು ಬಿತ್ತಿ, ಕಳೆ ಕಿತ್ತು, ಬಿಡಿಸಿದವರು ಧಾರವಾಡ, ಹುಬ್ಬಳ್ಳಿ, ಗದಗ ಸೀಮೆಯ ಎರೆಹೊಲದ ರೈತರು. ದೋಣಿಗೆ ಹತ್ತಿಸಿದ್ದು ಕುಮಟೆ. ಬೆಳೆದ ಊರುಗಳನ್ನು ಕಡಲಾಚೆ ಯಾರೂ ಕೇಳಲಿಲ್ಲ. ಹಡಗು ಹೊರಟ ಊರಿನ ಹೆಸರೇ ಮಾಲಿಗೆ ಅಂಟಿಕೊಂಡಿತು.

ಉತ್ತರ ಕನ್ನಡದ ಈ ಸಣ್ಣ ಬಂದರಿನ ವಿಷಯ ಬಂದಾಗಲೆಲ್ಲ ನನ್ನ ಮನಸ್ಸು ಈ ಸಂಗತಿಯ ಬಳಿ ನಿಲ್ಲುತ್ತದೆ. ತನ್ನದಲ್ಲದ ಬೆಳೆಯಿಂದ ಹೆಸರಾದ ಊರು, ಆ ಬೆಳೆ ಬೇರೆ ದಾರಿ ಹಿಡಿದ ಮೇಲೆ ಏನಾಗಿ ಉಳಿಯುತ್ತದೆ?

ಹತ್ತಿಗೂ ಮೊದಲು ಈ ದಂಡೆಯಿಂದ ಹೋದದ್ದು ಮೆಣಸು. ಊರಿನ ಉತ್ತರಕ್ಕೆ ಸ್ವಲ್ಪ ದೂರದಲ್ಲಿರುವ ಮಿರ್ಜಾನ ಕೋಟೆಯನ್ನು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಜನ ನೆನೆಯುತ್ತಾರೆ. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿ ಎಂದೇ ಕರೆದರು. ಮೆಣಸಿನ ಬಳ್ಳಿಯೂ ಹಬ್ಬುತ್ತಿದ್ದುದು ಘಟ್ಟದ ತಪ್ಪಲಲ್ಲಿ, ಮೇಲಿನ ಕಾಡುತೋಟಗಳಲ್ಲಿ. ದಂಡೆಯ ಕೆಲಸ ಆಗಲೂ ಕೂಡಿಹಾಕುವುದು, ತೂಗುವುದು, ಗಾಳಿ ಅನುಕೂಲವಾದಾಗ ಕಳಿಸುವುದು.

ಹತ್ತಿಯ ಕಾಲದಲ್ಲಿ ಈ ಕೆಲಸಕ್ಕೆ ವಿಪರೀತ ಅವಸರ ಸೇರಿಕೊಂಡಿತು. ಎರೆಭೂಮಿಯ ದೇಶಿ ಹತ್ತಿಯನ್ನು ಶ್ರಾವಣ ಭಾದ್ರಪದದ ಹೊತ್ತಿಗೆ ಬಿತ್ತಿದರೆ ಕಾಯೊಡೆದು ಬಿಡಿಸಲು ಬರುವುದು ಮಾಘ, ಫಾಲ್ಗುಣದಲ್ಲಿ. ಅಲ್ಲಿಂದ ಮಿರ್ಗ ಮಳೆ ಕಟ್ಟುವವರೆಗೆ ಉಳಿಯುವುದು ಕೆಲವೇ ತಿಂಗಳು. ಅಷ್ಟರೊಳಗೆ ಅರಳೆ ಬಿಡಿಸಿ, ಬೀಜ ಬೇರ್ಪಡಿಸಿ, ಹೇರೆತ್ತುಗಳ ಮೇಲೆ, ಚಕ್ಕಡಿಗಳಲ್ಲಿ ಶಿರಸಿಯವರೆಗೆ ತಂದು, ದೇವಿಮನೆ ಘಟ್ಟ ಇಳಿಸಿ, ಕಡಲಿಗೆ ಮುಟ್ಟಿಸಬೇಕು. ಘಟ್ಟದಲ್ಲಿ ಮಳೆ ಹಿಡಿದರೆ ಗಾಡಿ ಹೂತುಹೋಗುತ್ತಿತ್ತು, ಹತ್ತಿ ನೆನೆಯುತ್ತಿತ್ತು. ಕೆಳಗೆ ಬಂದರೂ ಕಷ್ಟ ಮುಗಿಯುತ್ತಿರಲಿಲ್ಲ. ಕುಮಟೆಯ ಬಂದರಿಗೆ ಗಾಳಿ ತಡೆಯುವ ದೊಡ್ಡ ಗುಡ್ಡದ ಆಸರೆಯಿಲ್ಲ. ದೊಡ್ಡ ಹಡಗು ದೂರದಲ್ಲಿ ಲಂಗರು ಹಾಕಿ ನಿಲ್ಲಬೇಕು, ಸಣ್ಣ ದೋಣಿಗಳು ತೆರೆ ಸೀಳಿ ಅದರ ಬಳಿ ಹೋಗಿ ಮೂಟೆ ಒಪ್ಪಿಸಬೇಕು. ಮಳೆಗಾಲದಲ್ಲಿ ಅದೂ ಇಲ್ಲ. ಕಡಲು ಮುಚ್ಚಿತೆಂದರೆ ಬಂದರು ಮುಚ್ಚಿತು. ಮತ್ತೆ ಹಡಗು ಹೊರಡುವುದು ನಾರಳಿ ಹುಣ್ಣಿಮೆ ಕಳೆದು ಸಮುದ್ರ ಶಾಂತವಾದ ಮೇಲೆ.

ಹೇರು ಇಳಿಸಿದ ಎತ್ತುಗಳು ಬರಿಬೆನ್ನಿನಲ್ಲಿ ಘಟ್ಟ ಹತ್ತುತ್ತಿರಲಿಲ್ಲ. ಉಪ್ಪು, ತೆಂಗಿನಕಾಯಿ, ಒಣಮೀನು ಹೊತ್ತು ಬಯಲುಸೀಮೆಗೆ ಮರಳುತ್ತಿದ್ದವು. ಹತ್ತಿಯ ಲೆಕ್ಕವನ್ನು ಕಂಪನಿಯವರೂ ಕಲೆಕ್ಟರರೂ ಬರೆದಿಟ್ಟರು. ಆ ಉಪ್ಪು ಎಷ್ಟು ಹಳ್ಳಿಗಳ ಅಂಬಲಿಗೆ ರುಚಿಯಾಯಿತೆಂದು ಯಾರೂ ಬರೆಯಲಿಲ್ಲ. ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಇದ್ದ ನಿಜವಾದ ನಂಟು ಆ ಮರುಪಯಣದ ಹೇರುಗಳಲ್ಲೇ ಇತ್ತೆಂದು ನನ್ನ ಭಾವನೆ.

ಆಡಳಿತಕ್ಕೆ ಆ ನಂಟು ಕಾಣಲಿಲ್ಲ. ಧಾರವಾಡ ಮುಂಬಯಿ ಪ್ರಾಂತದಲ್ಲಿ, ಕುಮಟೆಯಿದ್ದ ಕೆನರಾ ಜಿಲ್ಲೆ ಮದರಾಸು ಪ್ರಾಂತದಲ್ಲಿ. ಹತ್ತಿ ಬೆಳೆಯುವುದು ಒಂದು ಸರ್ಕಾರದ ಕೆಳಗೆ, ಅದು ಇಳಿಯುವ ರಸ್ತೆ ಮತ್ತು ಬಂದರು ಇನ್ನೊಂದರ ಕೆಳಗೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ಹತ್ತಿ ಬರುವುದು ನಿಂತಾಗ ಮ್ಯಾಂಚೆಸ್ಟರಿನ ಗಿರಣಿಗಳು ಕಂಗಾಲಾದವು. ಧಾರವಾಡದ ಹತ್ತಿಗೆ ಒಳ್ಳೆಯ ದಾರಿ, ಒಳ್ಳೆಯ ಬಂದರು ಬೇಕೆಂದು ಮ್ಯಾಂಚೆಸ್ಟರಿನ ವ್ಯಾಪಾರಿಗಳು ಒತ್ತಾಯ ಹಾಕಿದರು. 1862ರಲ್ಲಿ ಕುಂದಾಪುರವನ್ನು ಬಿಟ್ಟು ಕೆನರಾದ ಉತ್ತರ ಭಾಗವನ್ನು ಮುಂಬಯಿಗೆ ಸೇರಿಸಿದರು. ಗುಡ್ಡದ ಮರೆಯೂ ದ್ವೀಪಗಳ ಆಸರೆಯೂ ಇದ್ದ ಕಾರವಾರವನ್ನು ಬಂದರಾಗಿ ಬೆಳೆಸಲು ಹೊರಟರು. ಜಿಲ್ಲೆಯ ಕೇಂದ್ರವೂ ಅದೇ ಆಯಿತು.

ಉತ್ತರ ಕನ್ನಡ ಎಂಬ ಜಿಲ್ಲೆಯ ಗಡಿ ಹೀಗೆ ಮೂಡಿತು. ಭಾಷೆಯನ್ನು ನೋಡಿಯಲ್ಲ, ಜನರನ್ನು ಕೇಳಿಯಲ್ಲ; ದೂರದ ಗಿರಣಿಗಳ ಹಸಿವನ್ನು ನೋಡಿ. 1956ರವರೆಗೆ ಕುಮಟೆಯವರ ಕಚೇರಿ, ಪರೀಕ್ಷೆ, ಆಸೆ ಎಲ್ಲವೂ ಮುಂಬಯಿಯತ್ತ ಮುಖ ಮಾಡಿಕೊಂಡವು. ಗಂಗೊಳ್ಳಿ, ಕುಂದಾಪುರದವರದು ಮದರಾಸಿನತ್ತ. ಒಂದೇ ಕಡಲು, ಒಂದೇ ಬಗೆಯ ಮೀನು, ಒಂದೇ ಯಕ್ಷಗಾನದ ಹುಚ್ಚು ಇದ್ದ ಜನರನ್ನು ಈ ಗೆರೆ ಸುಮಾರು ಒಂದು ಶತಮಾನದ ಕಾಲ ಬೇರೆ ಬೇರೆ ದಿಕ್ಕಿಗೆ ತಿರುಗಿಸಿತು.

1865ಕ್ಕೆ ಅಮೆರಿಕದ ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿಯಿತು. ಹಾಗೆಂದು ಕುಮಟೆಯ ವ್ಯಾಪಾರ ಒಮ್ಮೆಗೇ ನಿಲ್ಲಲಿಲ್ಲ. ಅದನ್ನು ನಿಲ್ಲಿಸಿದ್ದು ರೈಲು. 1880ರ ದಶಕದ ಕೊನೆಗೆ ಹುಬ್ಬಳ್ಳಿ ಕಡೆಯಿಂದ ಲೋಂಡಾ, ಕ್ಯಾಸಲ್‌ರಾಕ್ ಮೇಲೆ ಗೋವೆಯ ಮರ್ಮುಗೋವಾ ಬಂದರಿಗೆ ಹಳಿ ಮುಟ್ಟಿತು. ಹತ್ತಿ ಆ ಗಾಡಿ ಹತ್ತಿತು. ಘಟ್ಟ ಇಳಿದು ಉತ್ತರ ಕನ್ನಡದ ಕರಾವಳಿಗೆ ಬರುವ ಹಳಿ ಮಾತ್ರ ಬರಲೇ ಇಲ್ಲ; ಹುಬ್ಬಳ್ಳಿ-ಅಂಕೋಲಾ ಮಾರ್ಗದ ಚರ್ಚೆ ಇಂದಿಗೂ ನಡೆದಿದೆ.

ಹತ್ತಿ ಹೋದ ದಿಕ್ಕಿನಲ್ಲೇ ಆಮೇಲೆ ಮಕ್ಕಳು ಹೋದರು. ಶಾಲೆಗಳನ್ನು ಕಟ್ಟಿಕೊಂಡ ಊರು ಇದು. ಓದಿದವರು ಕರಾವಳಿಯ ಆಗಬೋಟು ಹತ್ತಿ ಮುಂಬಯಿ ಸೇರಿದರು. ಕುಮಟಾ ತಾಲೂಕಿನ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಬದುಕಿನ ಬಹುಭಾಗವನ್ನು ಮುಂಬಯಿಯಲ್ಲಿ ಕಳೆದರು, ಕತೆಗಳಲ್ಲಿ ಮತ್ತೆ ಮತ್ತೆ ಹನೇಹಳ್ಳಿಗೆ ಬಂದರು. ಬಂದರಿನ ಊರುಗಳಲ್ಲಿ ಹುಟ್ಟಿದವರಿಗೆ ಹೊರಡುವುದು ದುರಂತವಲ್ಲ, ಅದು ಅಲ್ಲಿಯ ಹವೆಯಲ್ಲೇ ಇರುತ್ತದೆ. ಆದರೆ ಹೊರಟವರ ಮನಸ್ಸಿನಲ್ಲಿ ಊರು ಎಷ್ಟು ದೊಡ್ಡದಾಗಿ ಬೆಳೆಯುತ್ತದೆಂಬುದನ್ನು ಕನ್ನಡದ ಓದುಗರು ಚಿತ್ತಾಲರಿಂದಲೇ ತಿಳಿದವರು.

ಇನ್ನು ಉಳಿದವರ ಕಡೆ ನೋಡಬೇಕು. ಹತ್ತಿ ಹೋದ ಮೇಲೆ ಕುಮಟೆಯನ್ನು ಸಾಕಿದ್ದು ಹತ್ತಿಗಿಂತ ಹಳೆಯದಾದ ಒಂದು ಸಂಪತ್ತು: ಅಘನಾಶಿನಿಯ ಅಳಿವೆ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಎಲ್ಲಿಯೂ ದೊಡ್ಡ ಅಣೆಕಟ್ಟಿಗೆ ಸಿಗದೆ ಈ ನದಿ ತದಡಿಯ ಬಳಿ ಸಮುದ್ರ ಸೇರುತ್ತದೆ. ಜಿಲ್ಲೆಯ ಶರಾವತಿ, ಕಾಳಿ ಎರಡೂ ವಿದ್ಯುತ್ತಿಗಾಗಿ ಕಟ್ಟಿಸಿಕೊಂಡಿರುವಾಗ ಇದು ತನ್ನಷ್ಟಕ್ಕೆ ಹರಿದಿದೆ. ಘಟ್ಟದ ಕಾಡಿನ ತರಗೆಲೆ ಕೊಳೆತ ಸಾರ, ಮೆಕ್ಕಲು, ಸಿಹಿನೀರು ಮೇಲಿನಿಂದ ಬಂದರೆ, ದಿನಕ್ಕೆರಡು ಸಲ ಭರತದ ಉಪ್ಪುನೀರು ಕೆಳಗಿನಿಂದ ಏರುತ್ತದೆ. ಇವೆರಡೂ ಬೆರೆಯುವ ಕಡೆ ಕಾಂಡ್ಲಾ ಗಿಡ ಬೇರು ಬಿಡುತ್ತದೆ, ಸಿಗಡಿಯ ಮರಿ ಬೆಳೆಯುತ್ತದೆ. ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ಸೊಂಟದವರೆಗಿನ ನೀರಿನಲ್ಲಿ ನಿಂತು, ಕೈಯಿಂದ ಕಾಲಿನಿಂದ ತಡಕಿ ಬಳಚು ಎಂಬ ಚಿಪ್ಪುಮೀನು ತೆಗೆಯುತ್ತಾರೆ. ಬಂಡವಾಳ ಎಂದರೆ ಒಂದು ಬುಟ್ಟಿ, ಒಂದು ಪಾತಿದೋಣಿ. ಇದಕ್ಕೆ ಹರಾಜಿಲ್ಲ, ಗುತ್ತಿಗೆಯಿಲ್ಲ. ನೀರಿಗೆ ಇಳಿದವರಿಗೆ ಅನ್ನ.

ಅಳಿವೆಯ ಬದಿಯ ಗಜನಿ ಭೂಮಿಯಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಮಾಣಿಕಟ್ಟೆಯ ರೈತರು ಅದರ ಬೀಜ ಉಳಿಸಿಕೊಂಡು ಬಂದವರು. ಉಪ್ಪಿಗೂ ನೆರೆಗೂ ಜಗ್ಗದ, ನೀರಲ್ಲಿ ಮುಳುಗಿದರೂ ಮತ್ತೆ ತಲೆಯೆತ್ತುವ ತಳಿ. ಗೊಬ್ಬರ ಹಾಕುವುದಿಲ್ಲ, ನದಿಯ ಮೆಕ್ಕಲೇ ಗೊಬ್ಬರ. ಕೊಯ್ಲಾದ ಮೇಲೆ ಕಟ್ಟೆಯ ಹಲಗೆ ಎತ್ತಿ ಉಪ್ಪುನೀರು ಬಿಡುತ್ತಾರೆ. ಕೂಳೆ ಕೊಳೆತ ಗದ್ದೆಯಲ್ಲಿ ಮೀನು, ಸಿಗಡಿ ಬೆಳೆಯುತ್ತವೆ. ಅದೇ ಗದ್ದೆ ಮಳೆಗಾಲದಲ್ಲಿ ಅಕ್ಕಿಗೆ, ಬೇಸಿಗೆಯಲ್ಲಿ ಮೀನಿಗೆ. ಇದನ್ನು ಯಾವ ಕೃಷಿ ಇಲಾಖೆಯೂ ಕಲಿಸಿದ್ದಲ್ಲ. ಇನ್ನಷ್ಟು ಆಚೆ, ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ ಇದೇ ನೀರು ಬಿಸಿಲಿಗೆ ಒಣಗಿ ಉಪ್ಪಾಗುತ್ತದೆ, ಅಲ್ಲಿಯ ಆಗರಗಳನ್ನು ಮಾಲಿಕರ ಸಹಕಾರಿ ಸಂಘ ನಡೆಸುತ್ತದೆ. ಊರಿನ ದಕ್ಷಿಣಕ್ಕೆ ಅಳ್ವೆಕೋಡಿ, ಹಂದಿಗೋಣದ ಕಡೆ ಬೇಸಿಗೆಯಲ್ಲಿ ಹೆದ್ದಾರಿಯ ಬದಿಗೆ ಸಿಹಿ ಈರುಳ್ಳಿಯನ್ನು ಹೆಣೆದು, ಗೊಂಚಲು ಮಾಡಿ ತೂಗುಹಾಕಿರುತ್ತಾರೆ. ಹಾಗೇ ಕಚ್ಚಿ ತಿನ್ನಬಹುದಾದ ಈರುಳ್ಳಿ. ಕುಮಟೆಯ ಹೆಸರು ಹೊತ್ತ ಬೆಳೆ ಈಗ ಅದು, ಮತ್ತು ಇದು ನಿಜಕ್ಕೂ ಕುಮಟೆಯ ಮಣ್ಣಿನದೇ.

ಅಳಿವೆಗೆ ಹೊರಗಿನ ಕಣ್ಣು ಬೀಳುವುದು ಹೊಸತಲ್ಲ. ತದಡಿಯಲ್ಲಿ ದೊಡ್ಡ ಬಂದರು ಬರುತ್ತದೆ ಎಂಬ ಸುದ್ದಿ ಹಲವು ಸಲ ಎದ್ದು ಅಡಗಿದೆ. ದೊಡ್ಡ ಉಷ್ಣವಿದ್ಯುತ್ ಸ್ಥಾವರದ ಯೋಜನೆಯೂ ಬಂದು ಜನರ ವಿರೋಧದಿಂದ ಹಿಂದೆ ಸರಿಯಿತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು. ಸುಮಾರು 4,800 ಹೆಕ್ಟೇರ್ ಜೌಗು ಪ್ರದೇಶಕ್ಕೆ ಅಂತರರಾಷ್ಟ್ರೀಯ ಮಹತ್ವದ ಮನ್ನಣೆ ಸಿಕ್ಕಿತು. ಬಳಚು ತೆಗೆಯುವವರಿಗೆ ಆ ಮಹತ್ವ ಮೊದಲೇ ಗೊತ್ತಿತ್ತು.

ಈಗಿನ ಮಾತು ಇನ್ನೊಂದು. ಅಘನಾಶಿನಿಯ ನೀರನ್ನು ಎತ್ತಿ ಘಟ್ಟದಾಚೆಗೆ, ವೇದಾವತಿ ನದಿಯ ಕಡೆಗೆ ಹರಿಸುವ ಪ್ರಸ್ತಾಪ. ಸಮುದ್ರಕ್ಕೆ ಸುಮ್ಮನೆ ಹೋಗುವ ನೀರು ಎನ್ನುವುದು ಅದರ ಹಿಂದಿನ ವಾದ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ, ಅದನ್ನು ಹಗುರವಾಗಿ ಕಾಣುವ ಹಕ್ಕು ಕರಾವಳಿಯವರಿಗಿಲ್ಲ. ಒಂದು ಕಾಲಕ್ಕೆ ಅಲ್ಲಿಯ ಹೊಲಗಳೇ ಈ ಬಂದರನ್ನು ಸಾಕಿದವು. ಆದರೆ ಸುಮ್ಮನೆ ಹೋಗುತ್ತದೆ ಎಂಬ ಮಾತನ್ನು ನಾನು ಒಪ್ಪಲಾರೆ. ಸಿಹಿನೀರಿನ ಒತ್ತಡ ತಗ್ಗಿದಷ್ಟೂ ಉಪ್ಪು ಮೇಲೇರುತ್ತದೆ. ಮೆಕ್ಕಲು ಕಡಿಮೆಯಾದಷ್ಟೂ ಗಜನಿ ಬಡವಾಗುತ್ತದೆ. ಬಳಚಿಗೆ ಬೇಕಾದ ಆ ಎರಡು ನೀರಿನ ಹದ ಕೆಡುತ್ತದೆ. ಉಪ್ಪು ತಾಳುವ ಕಗ್ಗಕ್ಕೂ ಮೊಳಕೆಯೊಡೆದು ಬೇರೂರಲು ಮಳೆಗಾಲದ ಸಿಹಿನೀರು ಬೇಕು.

ಹತ್ತಿ ಕುಮಟೆಯನ್ನು ಬಿಟ್ಟು ಹೋದಾಗ ಊರು ಬಡವಾಯಿತು, ಆದರೆ ಹಿಂತಿರುಗಿ ನಿಲ್ಲಲು ಅದಕ್ಕೆ ಈ ಅಳಿವೆ ಇತ್ತು. 1862ರಲ್ಲಿ ಗೆರೆ ಎಳೆದವರು ಬಂದರಿನವರನ್ನು ಕೇಳಲಿಲ್ಲ. ಈಗ ನಕಾಶೆ ಬರೆಯುವವರು ನಮ್ಮವರೇ, ಕೇಳುವುದು ಅವರಿಗೆ ಕಷ್ಟವಲ್ಲ. ಇಳಿತದ ಹೊತ್ತಿಗೆ ಮಾಣಿಕಟ್ಟೆಗೋ ತದಡಿಗೋ ಹೋದರೆ ನದಿಯಲ್ಲಿ ನಿಂತಿರುವ ಹೆಂಗಸರೇ ಸಿಗುತ್ತಾರೆ. ಯಾವ ತಿಂಗಳು ಎಷ್ಟು ಸಿಹಿನೀರು ಬೇಕೆಂದು ಅವರು ಹೇಳಬಲ್ಲರು.