ಇನ್ನೊಬ್ಬರ ಗೀರು

ನಮ್ಮ ಕಡೆಯ ಹಿರಿಯರು ಕೈಗೆ ಕಟ್ಟುತ್ತಿದ್ದ ಫೇವರ್ ಲ್ಯೂಬಾ ಗಡಿಯಾರಗಳ ಮುಖದ ಮೇಲೆ ‘ಸೀ ಚೀಫ್’ ಎಂದೋ ‘ಸೀ ಕಿಂಗ್’ ಎಂದೋ ಬರೆದಿರುತ್ತಿತ್ತು. ಹೆಸರಿಗೆ ಸಮುದ್ರರಾಜ, ಆದರೆ ಸ್ನಾನಕ್ಕೆ ಹೊರಟರೆ ಬಿಚ್ಚಿ ಗೂಡಿನಲ್ಲಿಡಬೇಕು, ಮಳೆ ಬಂದರೆ ಕರವಸ್ತ್ರ ಸುತ್ತಬೇಕು. ಅದೇ ಕಂಪನಿ 1960ರ ದಶಕದಲ್ಲಿ ‘ಬ್ಯಾಥಿ’ ಎಂಬ ನಿಜವಾದ ಕಡಲ ಗಡಿಯಾರವನ್ನೂ ಮಾಡಿತ್ತು. ಅದರ ಹಿಂಬದಿಯ ರಂಧ್ರಗಳಿಂದ ನುಗ್ಗಿದ ನೀರು ತೆಳುವಾದ ಲೋಹದ ಪೊರೆಯೊಂದನ್ನು ಒತ್ತುತ್ತಿತ್ತು. ಒತ್ತಡಕ್ಕೆ ತಕ್ಕಂತೆ ಮುಳ್ಳೊಂದು ಸರಿದು, ಧರಿಸಿದವನು ಎಷ್ಟು ಆಳದಲ್ಲಿದ್ದಾನೆಂದು ಹೇಳುತ್ತಿತ್ತು. ಸೀ ಚೀಫ್ ಇವತ್ತಿಗೂ ಎಷ್ಟೋ ಮನೆಗಳ ಟ್ರಂಕಿನಲ್ಲಿ ಸಿಕ್ಕೀತು. ಬ್ಯಾಥಿಗಾಗಿ ಮಾತ್ರ ದೇಶದೇಶಗಳ ಸಂಗ್ರಾಹಕರು ಬಲೆ ಬೀಸಿ ಕೂತಿದ್ದಾರೆ.

ಆ ಸಂಗ್ರಾಹಕರ ಪಂಕ್ತಿಯ ಕೊನೆಯ ಎಲೆ ನನ್ನದು. ನನ್ನ ಹತ್ತಿರ ಇರುವುದು ಮೂರು ಗಡಿಯಾರ. ಓದಿ ತಲೆ ಕೆಡಿಸಿಕೊಂಡಿರುವುದು ಮುನ್ನೂರರ ಬಗ್ಗೆ. ಈ ಹುಚ್ಚಿನಲ್ಲಿ ನನ್ನನ್ನು ಬಹುಕಾಲದಿಂದ ಕಾಡುವುದು ಬೆಲೆಯ ಪ್ರಶ್ನೆಯಲ್ಲ. ಇನ್ನೊಬ್ಬ ಮನುಷ್ಯ ಬದುಕಿ, ದುಡಿದು ಮೂಡಿಸಿದ ಗೀರನ್ನು ನಾವು ದುಡ್ಡು ಕೊಟ್ಟು ತಂದರೆ, ಕೊಂಡದ್ದಾದರೂ ಏನನ್ನು?

ಈ ಗಡಿಯಾರಗಳು ಹುಟ್ಟಿದ್ದು ಒಡವೆಯಾಗಿ ಅಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರಿಗಿಳಿದವನು ಹೊತ್ತಿನ ಲೆಕ್ಕ ತಪ್ಪಿದರೆ ಗಾಳಿ ಮುಗಿಯುತ್ತದೆ. ಆಳದಲ್ಲಿ ಹೆಚ್ಚು ಹೊತ್ತಿದ್ದು ಆತುರದಿಂದ ಮೇಲೆದ್ದರೆ ಮೈಯೊಳಗೆ ಕರಗಿದ ಸಾರಜನಕ ಗುಳ್ಳೆಗಟ್ಟಿ ಪ್ರಾಣಕ್ಕೇ ಬರುತ್ತದೆ. 1953ರಲ್ಲಿ ಸ್ವಿಟ್ಜರ್ಲೆಂಡಿನ ಬ್ಲಾಂಪಾನ್ ಕಂಪನಿ ‘ಫಿಫ್ಟಿ ಫ್ಯಾದಮ್ಸ್’ ತಂದಾಗ ಅದರ ಮುಖ್ಯಸ್ಥನಾಗಿದ್ದ ಝಾನ್ ಝಾಕ್ ಫೀಶ್ಟರ್ ಸ್ವತಃ ಮುಳುಗುಗಾರ. ಫ್ರೆಂಚ್ ಸೇನೆಯ ಮುಳುಗುದಳದ ರೋಬೇರ್ ಮಾಲೂಬಿಯೆ ತನ್ನವರಿಗೆ ಬೇಕೆಂದು ಹುಡುಕುತ್ತಿದ್ದ ಗುಣಗಳೆಲ್ಲ ಅದರಲ್ಲಿದ್ದವು. ಐವತ್ತು ಫ್ಯಾದಮ್ ಎಂದರೆ ಸುಮಾರು 91 ಮೀಟರು. ರೋಲೆಕ್ಸಿನ ಸಬ್‌ಮರೀನರ್ ಕೂಡ ಅದೇ ಕಾಲದ ಕೂಸು.

ಇವುಗಳ ಗಾಜಿನ ಸುತ್ತ ತಿರುಗುವ ಬಳೆಯೊಂದಿರುತ್ತದೆ. ನೀರಿಗಿಳಿಯುವ ಮುನ್ನ ಬಳೆಯ ಗುರುತನ್ನು ನಿಮಿಷದ ಮುಳ್ಳಿನ ನೇರಕ್ಕೆ ತಂದಿಟ್ಟರೆ, ಆಮೇಲೆ ಎಷ್ಟು ನಿಮಿಷ ಕಳೆಯಿತೆಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಮುಂದೆ ಈ ಬಳೆ ಒಂದೇ ದಿಕ್ಕಿಗೆ ತಿರುಗುವಂತೆ ಮಾಡುವುದು ರೂಢಿಯಾಯಿತು. ಬಂಡೆಗೆ ತಾಗಿ ತಾನಾಗಿ ತಿರುಗಿದರೂ ಅದು ಕಳೆದ ಹೊತ್ತನ್ನು ಹೆಚ್ಚು ತೋರಿಸೀತೇ ಹೊರತು ಕಡಿಮೆ ತೋರಿಸದು. ತಪ್ಪುವುದಾದರೂ ಪ್ರಾಣ ಉಳಿಯುವ ಕಡೆಗೇ ತಪ್ಪುತ್ತೇನೆನ್ನುವ ಯಂತ್ರ! ಇಷ್ಟು ವಿವೇಕ ನಮ್ಮ ನೆಂಟರಿಷ್ಟರಲ್ಲೂ ಅಪರೂಪ.

ಸಂಗ್ರಾಹಕರ ಬಾಯಲ್ಲಿ ನೀರೂರಿಸುವ ಇನ್ನೊಂದು ಸಬ್‌ಮರೀನರ್ ಇದೆ. 1970ರ ದಶಕದಲ್ಲಿ ಬ್ರಿಟನ್ನಿನ ರಕ್ಷಣಾ ಇಲಾಖೆ ತನ್ನ ಮುಳುಗುಗಾರರಿಗೆಂದು ಮಾಡಿಸಿಕೊಂಡದ್ದು. ಪಟ್ಟಿ ಕಳಚಿ ಹೋಗಬಾರದೆಂದು ಅದರ ಸರಳುಗಳನ್ನು ಕವಚಕ್ಕೇ ಬೆಸೆದಿದ್ದರು. ಮುಖದ ಮೇಲೆ ವೃತ್ತದೊಳಗೊಂದು ‘ಟಿ’ ಅಕ್ಷರ. ಕತ್ತಲಲ್ಲಿ ಹೊಳೆಯಲೆಂದು ಟ್ರಿಟಿಯಂ ಬಳಿದಿದೆಯೆಂಬುದರ ಸೂಚನೆ. ಸೇನೆ ಇವನ್ನು ದುಡಿಸಿತು, ಕೆಟ್ಟದ್ದನ್ನು ರಿಪೇರಿ ಮಾಡಿಸಿತು, ಸಾಕಾದಾಗ ವಿಲೇವಾರಿ ಮಾಡಿತು. ಆಮೇಲೆ ಕೊಂಡವರಲ್ಲಿ ಕೆಲವರು ಉಕ್ಕಿನ ಪಟ್ಟಿ ಹಾಕಲೆಂದು ಸರಳು ಕತ್ತರಿಸಿದರು, ಮುಳ್ಳು ಬದಲಿಸಿದರು. ಇವರಲ್ಲಿ ಯಾರನ್ನು ದೂರೋಣ? ನೇಗಿಲಿನ ಗುಳ ಸವೆದರೆ ರೈತ ಹೊಸದು ಹಾಕಿಸುತ್ತಾನೆ. ಹಳೆಯ ಗುಳಕ್ಕೆ ಆರತಿ ಎತ್ತುತ್ತ ಕೂರುವುದಿಲ್ಲ.

ಇಂದಿನ ಹರಾಜಿನಲ್ಲಿ ಲೆಕ್ಕವೇ ಬೇರೆ. ಹುಟ್ಟಿದಾಗಿನ ಮುಖ, ಮುಳ್ಳು, ಬಳೆ ಎಲ್ಲ ಉಳಿಸಿಕೊಂಡಿರುವ ಆ ಸೇನಾ ಗಡಿಯಾರ ಒಂದು ಲಕ್ಷ ಡಾಲರು ದಾಟಿದ್ದುಂಟು. ಬದಲಾದ ಭಾಗವಿದ್ದರೆ ಬೆಲೆ ಬಿತ್ತೆಂದೇ ಅರ್ಥ. ಯೋಚಿಸಿ ನೋಡಿದರೆ ಇದು ವಿಚಿತ್ರ. ಯಾವನೋ ಜವಾಬ್ದಾರಿಯುಳ್ಳ ಮನುಷ್ಯ, ಇದರ ಮೇಲೆ ನನ್ನ ಜೀವ ನಿಂತಿದೆಯೆಂದು ಕಾಲಕಾಲಕ್ಕೆ ಭಾಗ ಬದಲಿಸಿ ನೋಡಿಕೊಂಡ ಗಡಿಯಾರಕ್ಕೆ ಕಡಿಮೆ ಮರ್ಯಾದೆ. ನೀರಿಗೇ ಇಳಿಯದೆ ಕಪಾಟಿನಲ್ಲಿ ನಿದ್ದೆ ಹೊಡೆದದ್ದಕ್ಕೆ ಮೇಲಿನ ಮಣೆ. ನಾವು ಹೊಗಳುವುದು ಕಡಲನ್ನು, ಕೊಳ್ಳುವುದು ಕಪಾಟನ್ನು.

ಸವೆತಕ್ಕೂ ಇಲ್ಲಿ ಬೆಲೆಯಿದೆ. ಬಿಸಿಲಿಗೆ, ಉಪ್ಪುನೀರಿಗೆ ಕಪ್ಪು ಬಳೆ ಬೂದಿಯ ಬಣ್ಣಕ್ಕೆ ತಿರುಗಿದರೆ ಅದನ್ನು ‘ಘೋಸ್ಟ್’ ಎಂದು ಕರೆದು ಹೆಚ್ಚು ಹಣ ಕೊಡುತ್ತಾರೆ. ಕಪ್ಪು ಮುಖ ಕಂದಿ ಕಾಫಿಯ ಬಣ್ಣಕ್ಕೆ ಬಂದರೆ ಅದು ‘ಟ್ರಾಪಿಕಲ್’. ಬಣ್ಣದ ದೋಷವೇ ಗುಣವಾಯಿತು. ಹೀಗಾದ ಮೇಲೆ ಕೈಚಳಕದವರು ಸುಮ್ಮನಿರುತ್ತಾರೆಯೇ? ಹೊಸ ಬಳೆಯನ್ನು ಬ್ಲೀಚಿನಲ್ಲಿ ನೆನೆಸಿ, ಒಲೆಯಲ್ಲಿ ಬೇಯಿಸಿ ಮುದಿತನ ಬರಿಸುತ್ತಾರೆ. ನಮ್ಮ ಮುಂಬಯಿಯ ಕೆಲವು ಕುಶಲಕರ್ಮಿಗಳದು ಇದಕ್ಕೆ ವಿರುದ್ಧದ ವಿದ್ಯೆ: ಮಾಸಿದ ಮುಖಕ್ಕೆ ಹೊಸ ಬಣ್ಣ ಹೊಡೆದು ಮದುವಣಿಗನನ್ನಾಗಿ ಮಾಡುತ್ತಾರೆ. ಕಟ್ಟುವವನಿಗೆ ತಿಳಿದಿದ್ದರೆ ಹೊಸ ಬಣ್ಣದಲ್ಲಿ ತಪ್ಪೇನೂ ಇಲ್ಲ. ತಿಳಿಸದೆ ಮಾರಿದಾಗ ಮಾತ್ರ ಎರಡೂ ಒಂದೇ. ಬಾಳದ ಬಾಳೊಂದನ್ನು ಗಡಿಯಾರದ ಮೈಮೇಲೆ ಬರೆದದ್ದಾಯಿತು.

ನಿಜವಾದ ಗುರುತುಗಳೂ ಎಲ್ಲ ಮುದ್ದಾದವಲ್ಲ. ಮೊದಲ ತಲೆಮಾರಿನ ಕಡಲ ಗಡಿಯಾರಗಳ ಅಂಕೆಗಳು ಹೊಳೆಯುತ್ತಿದ್ದುದು ರೇಡಿಯಂನಿಂದ. ಈ ಬಣ್ಣದ ಹಿಂದಿನ ಕಥೆ ಇನ್ನೂ ಹಳೆಯದು. 1917ರಿಂದಾಚೆಗೆ ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಊರಿನ ಕಾರ್ಖಾನೆಯಲ್ಲಿ ಎಳೆಯ ಹೆಣ್ಣುಮಕ್ಕಳು ಕುಂಚವನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಗಡಿಯಾರದ ಮುಖಗಳಿಗೆ ಇದನ್ನು ಬಳಿದರು. ಅಪಾಯವಿಲ್ಲವೆಂದು ಅವರಿಗೆ ಹೇಳಲಾಗಿತ್ತು. ದವಡೆಯ ಎಲುಬು ಕೊಳೆತು, ರಕ್ತ ಕೆಟ್ಟು ಹಲವರು ಸತ್ತರು. ಐವರು ನ್ಯಾಯಾಲಯಕ್ಕೆ ಹೋಗಿ 1928ರಲ್ಲಿ ಪರಿಹಾರ ಪಡೆದರು. ಕಡಲ ಗಡಿಯಾರ ಬರುವ ಹೊತ್ತಿಗೆ ತುಟಿಗೆ ಕುಂಚ ತಾಗಿಸುವ ಪದ್ಧತಿ ಹೋಗಿತ್ತು, ರೇಡಿಯಂ ಹೋಗಿರಲಿಲ್ಲ. ಅದರ ಜೊತೆ ಬೆರೆಸಿದ ಸತುವಿನ ಸಲ್ಫೈಡು ಕೆಲವು ದಶಕಗಳಲ್ಲಿ ದಣಿದು ಹೊಳಪು ಆರುತ್ತದೆ. ರೇಡಿಯಂ ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು. ಹಳೆಯ ಅಂಕೆಗಳ ಜೇನುಬಣ್ಣವನ್ನು ಬಾಯ್ತುಂಬ ಹೊಗಳುವಾಗ ಬೆಳಕು ಆರಿದರೂ ವಿಷ ಆರಿಲ್ಲವೆಂಬುದು ನೆನಪಿರಬೇಕು. ಗತಕಾಲವನ್ನು ಕೊಂಡವನಿಗೆ ಅದರಲ್ಲಿ ಬೇಕಾದಷ್ಟನ್ನೇ ತೂಗಿ ಕೊಡುವ ಅಂಗಡಿ ಇಲ್ಲ.

ನನ್ನ ಮೂರರಲ್ಲಿ ಒಂದು ಜಪಾನಿನ ಸೀಕೋ. 1976ರಿಂದ 1988ರವರೆಗೆ ತಯಾರಾದ 6309 ಎಂಬ ಬಗೆ; 150 ಮೀಟರ್ ಆಳಕ್ಕೆ ತಕ್ಕುದೆಂದು ಮುಖದಲ್ಲೇ ಬರೆದಿದೆ. ಹಿಂಬದಿಯ ಸಂಖ್ಯೆಯ ಮೊದಲ ಅಂಕೆ ವರ್ಷದ್ದು, ಎರಡನೆಯದು ತಿಂಗಳಿನದು. ನನ್ನದರಲ್ಲಿ 2 ಮತ್ತು 7 ಇರುವುದರಿಂದ ಅದು 1982ರ ಜುಲೈ ತಿಂಗಳ ಕೂಸು. ಕೊಟ್ಟವರು ಉಳ್ಳಾಲದ ಕಡೆಯ ಹಿರಿಯರೊಬ್ಬರು, ಕೊಲ್ಲಿಯ ಹಡಗುಗಳಲ್ಲಿ ಇಪ್ಪತ್ತು ವರ್ಷ ಇದ್ದವರು. ಕವಚದ ಒಂದು ಮಗ್ಗುಲಿನ ತುಂಬ ಗೀರು. ನಾನು ಕೇಳುವ ಮೊದಲೇ ಅವರು ಹೇಳಿದರು: “ನಾನು ಹಡಗಿನ ಅಡುಗೆಯವ. ಇದು ಪಾತ್ರೆ ತಾಗಿ ಆದದ್ದು. ಈ ಬಳೆ ತಿರುಗಿಸಿ ಅನ್ನಕ್ಕೆ ಹೊತ್ತು ನೋಡುತ್ತಿದ್ದೆ. ನನಗೆ ಈಜು ಅಷ್ಟಕ್ಕಷ್ಟೆ.”

ಅಲ್ಲೇ ಇದ್ದ ದಲ್ಲಾಳಿಯೊಬ್ಬ ಅವರನ್ನು ಪಕ್ಕಕ್ಕೆ ಕರೆದು, ಮುಳುಗುಗಾರನ ಗಡಿಯಾರ ಎಂದುಬಿಡಿ, ದುಪ್ಪಟ್ಟು ಬರುತ್ತದೆ ಎಂದದ್ದು ನನಗೂ ಕೇಳಿಸಿತು. ಅವರಿಗೆ ಆ ದುಡ್ಡಿನ ಅಗತ್ಯ ಇರಲಿಲ್ಲವೆಂದಲ್ಲ. ಮನೆಯ ಸ್ಥಿತಿ ಕಣ್ಣಿಗೆ ಕಾಣುತ್ತಿತ್ತು. ಆದರೂ ಒಪ್ಪಲಿಲ್ಲ. “ಇಪ್ಪತ್ತು ವರ್ಷ ನಲವತ್ತು ಜನರಿಗೆ ಬೇಯಿಸಿ ಹಾಕಿದ್ದೇನೆ. ಅದನ್ನು ಮುಚ್ಚಿಡುವುದು ಯಾಕೆ?” ಎಂದರು. ಬೆಲೆ ಏರಿಸುವ ಸುಳ್ಳು ತನ್ನ ದುಡಿಮೆಯನ್ನು ಅಳಿಸುತ್ತದೆಯೆಂದು ಅವರಿಗೆ ಗೊತ್ತಿತ್ತು.

ಕೊಂಡದ್ದೇನು ಎಂಬ ಪ್ರಶ್ನೆಗೆ ಅಂದಿನಿಂದ ನನ್ನ ಉತ್ತರ ಸರಳವಾಗಿದೆ. ಉಕ್ಕು, ಗಾಜು, ಚಕ್ರಗಳು ನನ್ನವು. ಗೀರು ನನ್ನದಲ್ಲ, ಅದು ಅವರದಾಗಿಯೇ ಉಳಿದಿದೆ, ನನ್ನ ಬಳಿ ಇಟ್ಟ ಗಂಟಿನ ಹಾಗೆ. ಗಂಟು ಕಾಯುವವನ ಕೆಲಸ ಅದನ್ನು ಹಿಗ್ಗಿಸುವುದೂ ಅಲ್ಲ, ಕುಗ್ಗಿಸುವುದೂ ಅಲ್ಲ. ಆದ್ದರಿಂದ ಆ ಗಡಿಯಾರದ ಡಬ್ಬಿಯಲ್ಲಿ ಒಂದು ಚೀಟಿ ಬರೆದಿಟ್ಟಿದ್ದೇನೆ: ಗಾಜು ಮತ್ತು ಪಟ್ಟಿ ನಾನು ಬದಲಿಸಿದ್ದು, ಮುಖ ಮತ್ತು ಮುಳ್ಳು ಮೊದಲಿನವು, ಬಲಮಗ್ಗುಲಿನ ಗೀರುಗಳು ಹಡಗಿನ ಅಡುಗೆಮನೆಯವು. ನನ್ನ ನಂತರ ಯಾರಾದರೂ ಆ ಚೀಟಿಯನ್ನು ಹರಿದು ಹಾಕಿದರೆ ಗಡಿಯಾರಕ್ಕೆ ಇನ್ನೂ ಒಳ್ಳೆಯ ಬೆಲೆ ಬರುತ್ತದೆ. ಅದನ್ನು ತಡೆಯುವ ಶಕ್ತಿ ನನಗಿಲ್ಲ. ಅದಕ್ಕೇ ಚೀಟಿಯನ್ನು ದಪ್ಪ ಕಾಗದದ ಮೇಲೆ ಬರೆದಿದ್ದೇನೆ.